ಬೇರಿಂಗ್ ಕ್ರೀಪ್: ಹಳೆಯ ಕಾರಿನ ಹಬ್‌ನಲ್ಲಿ ಕಪ್ ಲೂಸಾದಾಗ

ಚಕ್ರದ ಬೇರಿಂಗಿನಲ್ಲಿ ಉರುಳಬೇಕಾದ್ದು ರೋಲರುಗಳು. ಅದರ ಬದಲು ಬೇರಿಂಗಿನ ಉಂಗುರವೇ ತಾನು ಕೂತ ಜಾಗದಲ್ಲಿ ಜಾರುತ್ತಾ ಸುತ್ತತೊಡಗಿದರೆ ಅದು ಕ್ರೀಪ್. ಗ್ಯಾರೇಜಿನ ಮಾತಿನಲ್ಲಿ ‘ಕಪ್ ಲೂಸಾಗಿದೆ’.

1928ರಿಂದ 1931ರವರೆಗಿನ ಮಾಡೆಲ್ ವರ್ಷಗಳ ಫೋರ್ಡ್ ಮಾಡೆಲ್ ಎ ಕಾರಿನ ಮುಂದಿನ ಚಕ್ರವನ್ನೇ ತೆಗೆದುಕೊಳ್ಳಿ. ಅಲ್ಲಿರುವುದು ಎರಡು ಟೇಪರ್ ರೋಲರ್ ಬೇರಿಂಗ್ (ಒಂದು ತುದಿಗೆ ಸಣ್ಣಗಾಗುವ ರೋಲರುಗಳದು), ಒಳಗೊಂದು ಹೊರಗೊಂದು. ಹೊರ ಉಂಗುರವಾದ ಕಪ್ ಚಕ್ರದ ನಡುವಿನ ತಿರುಗುವ ಭಾಗವಾದ ಹಬ್‌ನೊಳಗೆ, ಒಳ ಉಂಗುರವಾದ ಕೋನ್ ಚಕ್ರ ಸುತ್ತುವ ಉಕ್ಕಿನ ಗೂಟವಾದ ಸ್ಪಿಂಡಲ್ ಮೇಲೆ. ಕೋನ್ ಕೈಯಲ್ಲಿ ಎಳೆದರೆ ಬರುತ್ತದೆ ಎಂದು ಗಾಬರಿಯಾಗಬೇಕಿಲ್ಲ. ಸ್ಪಿಂಡಲ್ ತುದಿಯ ನಟ್ ತಿರುಗಿಸಿದಾಗ ಅದು ಹಿಂದೆ ಮುಂದೆ ಸರಿದರೆ ತಾನೆ ಹೊಂದಾಣಿಕೆ ಸಾಧ್ಯ? ಸ್ಪಿಂಡಲ್ ತಿರುಗುವುದಿಲ್ಲ, ಕಾರಿನ ಭಾರ ಕೋನ್‌ನ ಒಂದೇ ಬದಿಗೆ ಬೀಳುತ್ತದೆ, ಆದ್ದರಿಂದ 0.01–0.02 ಮಿ.ಮೀ. ಸಡಿಲ ಅಲ್ಲಿ ನಡೆಯುತ್ತದೆ. ಕಪ್‌ನ ಕಥೆ ಬೇರೆ. ಅದು ಚಕ್ರದ ಜತೆ ತಿರುಗುವುದರಿಂದ ಭಾರ ಅದರ ಸುತ್ತಲೂ ಓಡುತ್ತಿರುತ್ತದೆ. ಹಾಗಾಗಿ ಹಬ್‌ನ ಒಳವ್ಯಾಸ ಕಪ್‌ನ ಹೊರವ್ಯಾಸಕ್ಕಿಂತ ಸುಮಾರು 0.025–0.075 ಮಿ.ಮೀ. ಕಡಿಮೆಯಿದ್ದು, ಕಪ್ಪನ್ನು ಒತ್ತಿಯೇ ಕೂರಿಸಬೇಕು.

ಈ ಬಿಗಿ ಹೋಗಿ 0.05 ಮಿ.ಮೀ. ಸಂದು ಬಿದ್ದಿದೆ ಎನ್ನಿ. ಸುತ್ತಳತೆಗಳ ವ್ಯತ್ಯಾಸ 0.157 ಮಿ.ಮೀ.; ಚಕ್ರದ ಒಂದೊಂದು ಸುತ್ತಿಗೂ ಕಪ್ ಅಷ್ಟು ಮುಂದೆ ಸರಿಯುತ್ತದೆ. 21 ಇಂಚಿನ ರಿಮ್ಮಿನ ಚಕ್ರ ಕಿಲೋಮೀಟರಿಗೆ ಸುಮಾರು 420 ಸುತ್ತು ಹಾಕುತ್ತದೆ. ಲೆಕ್ಕದ ಪ್ರಕಾರ 60 ಮಿ.ಮೀ. ವ್ಯಾಸದ ಕಪ್ ಒಂದು ಕಿಲೋಮೀಟರಿನಲ್ಲೇ ಹಬ್‌ನೊಳಗೆ ಮೂರನೇ ಒಂದು ಸುತ್ತು ಜಾರಿರುತ್ತದೆ. ಗಟ್ಟಿ ಉಕ್ಕಿನ ಕಪ್, ಮೆತ್ತಗಿನ ಹಬ್, ಸವೆಯುವುದು ಹಬ್ಬೇ. ಸವೆದಷ್ಟೂ ಜಾರಿಕೆ ಹೆಚ್ಚು.

ಪತ್ತೆಗೆ ಚಕ್ರವನ್ನು ಜಾಕ್ ಮೇಲೆತ್ತಿ, ಸ್ಟ್ಯಾಂಡ್ ಕೊಟ್ಟು, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಇನ್ನೊಬ್ಬರು ಬ್ರೇಕ್ ಒತ್ತಿದಾಗ ಅಲುಗಾಟ ನಿಂತರೆ ದೋಷ ಬೇರಿಂಗಿನ ಕಡೆ. ನಿಲ್ಲದಿದ್ದರೆ ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಕೀಲಾದ ಕಿಂಗ್ ಪಿನ್ ನೋಡಿ. ನಟ್ ಹೊಂದಿಸಿದ ಮೇಲೂ ಬೇರಿಂಗಿನ ಆಟ ಹೋಗದಿದ್ದರೆ ಹಬ್ ಬಿಚ್ಚಿ. ಕಪ್ ಹೆಬ್ಬೆರಳಿಗೇ ಹೊರಬಂದರೆ, ಅದರ ಬೆನ್ನಿನಲ್ಲಿ ಕನ್ನಡಿಯಂಥ ಹೊಳಪೋ ಕೆಂಗಂದು ಪುಡಿಯೋ ಇದ್ದರೆ ಮತ್ತೆ ಸಾಕ್ಷಿ ಬೇಡ.

ದುರಸ್ತಿಗೆ ಮೊದಲು ಅಳತೆ. ಒಳವ್ಯಾಸ ಅಳೆಯುವ ಬೋರ್ ಗೇಜಿನಿಂದ ಹಬ್ಬನ್ನು ಮೂರು ಆಳಗಳಲ್ಲಿ, ಪ್ರತಿ ಆಳದಲ್ಲೂ ಎರಡು ದಿಕ್ಕಿನಲ್ಲಿ ಅಳೆಯಿರಿ, ಕಪ್ಪನ್ನು ಮೈಕ್ರೋಮೀಟರಿನಲ್ಲಿ. ಹಳೆಯ ಅಮೆರಿಕನ್, ಬ್ರಿಟಿಷ್ ಕಾರುಗಳದು ಇಂಚಿನ ಲೆಕ್ಕ. ಹಿಂದೆ ಯಾರೋ ‘ಹತ್ತಿರದ್ದು’ ಎಂದು ಮೆಟ್ರಿಕ್ ಬೇರಿಂಗ್ ಹಾಕಿರಬಹುದು. 25.4 ಮತ್ತು 25 ಮಿ.ಮೀ. ನಡುವಿನ ಅಂತರ ಕಣ್ಣಿಗೆ ಕಾಣದು, ಆದರೆ 0.4 ಮಿ.ಮೀ. ಸಡಿಲಕ್ಕೆ ಮದ್ದು ಸರಿಯಾದ ನಂಬರಿನ ಬೇರಿಂಗೇ ಹೊರತು ಅಂಟಲ್ಲ.

ಹಬ್‌ನ ಒಳಮೈಗೆ ಸೆಂಟರ್ ಪಂಚಿನಿಂದ ಚುಕ್ಕಿ ಹೊಡೆದು ಕಪ್ ಬಿಗಿ ಮಾಡುವ ಪದ್ಧತಿ ಎಲ್ಲೆಡೆ ಇದೆ. ಮನೆ ಮುಟ್ಟಲು ಅದು ಸಾಕು, ಅದರಾಚೆ ಬೇಡ: ಕಪ್ ಆ ಚುಕ್ಕಿಗಳ ತುದಿಯ ಮೇಲಷ್ಟೇ ನಿಂತಿರುತ್ತದೆ, ತುದಿಗಳು ಬೇಗ ಚಪ್ಪಟೆಯಾಗುತ್ತವೆ. ತಗಡಿನ ಪಟ್ಟಿ ತುರುಕುವುದು ಇನ್ನೂ ಕೆಟ್ಟದ್ದು. ಕಪ್ ದುಂಡು ಕಳೆದುಕೊಂಡು ರೋಲರುಗಳ ಭಾರ ಒಂದೇ ಕಡೆಗೆ ಬೀಳುತ್ತದೆ.

ಸಂದು 0.1 ಮಿ.ಮೀ. ಒಳಗಿದ್ದು ಹಬ್ ದುಂಡಗಿದ್ದರೆ ಲಾಕ್‌ಟೈಟ್ 638ರಂಥ ರಿಟೇನಿಂಗ್ ಕಾಂಪೌಂಡ್ (ಸಂದು ತುಂಬಿ ಗಟ್ಟಿಯಾಗುವ ಅಂಟು) ಸಾಕು. ಎರಡೂ ಮೈಯನ್ನು ಅಸಿಟೋನಿನಲ್ಲಿ ಗ್ರೀಸಿನ ಪಸೆಯಿಲ್ಲದಂತೆ ಒರೆಸಿ, ತೆಳುವಾಗಿ ಸವರಿ, ಕಪ್ಪನ್ನು ಹಬ್ಬಿನೊಳಗಿನ ಮೆಟ್ಟಿಲಾದ ಭುಜಕ್ಕೆ ತಾಗುವವರೆಗೆ ಕೂರಿಸಿ, 24 ಗಂಟೆ ಮುಟ್ಟಬೇಡಿ. ಮುಂದೆಂದಾದರೂ ಬಿಚ್ಚಬೇಕಾದರೆ 250 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕಾದೀತು.

ಅದಕ್ಕಿಂತ ಹೆಚ್ಚು ಸವೆದಿದ್ದರೆ ಲೇತ್‌ಗೆ ಕೊಟ್ಟು ಬುಷ್ (ಲೋಹದ ಒಳಬಳೆ) ಹಾಕಿಸುವುದೇ ಶಾಶ್ವತ ದಾರಿ. ಸುತ್ತಲೂ ಲೋಹ ಉಳಿಯುವಂತಿದ್ದರೆ ಹಬ್ಬನ್ನು ವ್ಯಾಸದಲ್ಲಿ ಸುಮಾರು 5 ಮಿ.ಮೀ. ಕೊರೆದು, ಉಕ್ಕಿನ ಬುಷ್ಷನ್ನು 0.05 ಮಿ.ಮೀ. ಬಿಗಿಯಲ್ಲಿ ಒತ್ತಿಸಿ. ಕೊನೆಯ ಅಳತೆಗೆ ಬುಷ್ ಕೂತ ಮೇಲೆಯೇ ಕೊರೆಯಬೇಕು. ಮೊದಲೇ ಕೊರೆದರೆ ಒತ್ತುವಾಗ ಕುಗ್ಗುತ್ತದೆ. ಟರ್ನರ್‌ಗೆ ಒಂದು ಮಾತು ಒತ್ತಿ ಹೇಳಿ: ಹಬ್ಬನ್ನು ಕಟ್ಟುವಾಗ ಸೆಂಟರ್ ಹಿಡಿಯಬೇಕಾದ್ದು ಇನ್ನೊಂದು ಬದಿಯ ಬೇರಿಂಗ್ ಮನೆಗೆ, ಒರಟು ಹೊರಮೈಗಲ್ಲ. ಇಲ್ಲದಿದ್ದರೆ ಎರಡು ಕಪ್‌ಗಳೂ ಒಂದೇ ನೇರದಲ್ಲಿ ಕೂರುವುದಿಲ್ಲ.

ಅಲ್ಯೂಮಿನಿಯಂ ಹಬ್ ಇರುವ ಕಾರುಗಳಲ್ಲಿ ಇನ್ನಷ್ಟು ಬಿಗಿ ಬೇಕು. ಬ್ರೇಕಿನ ಕಾವಿಗೆ 60 ಡಿಗ್ರಿ ಏರಿದರೆ 60 ಮಿ.ಮೀ. ವ್ಯಾಸದಲ್ಲಿ ಹಬ್ ಉಕ್ಕಿಗಿಂತ ಸುಮಾರು 0.04 ಮಿ.ಮೀ. ಹೆಚ್ಚು ಹಿಗ್ಗುತ್ತದೆ, ತಣ್ಣಗಿದ್ದಾಗ ಬಿಗಿಯಾಗಿದ್ದ ಕಪ್ ಓಟದಲ್ಲಿ ಬಿಡುತ್ತದೆ.

ಸ್ಪಿಂಡಲ್ಲೇ ಸವೆದಿದ್ದರೆ ವೆಲ್ಡಿಂಗ್ ಮಾಡಿಸಿ ಕಡೆಯುವ ಯೋಚನೆ ಬಿಡಿ. ಕಾವಿಗೆ ಉಕ್ಕಿನ ಗುಣ ಕೆಟ್ಟು ಬೆಸುಗೆಯ ಅಂಚಿನಲ್ಲಿ ಬಿರುಕು ಹುಟ್ಟುತ್ತದೆ. ಮುರಿದರೆ ಚಕ್ರವೇ ಕಳಚಿಹೋಗುತ್ತದೆ. ಬೇರೆ ಸ್ಪಿಂಡಲ್ ಹುಡುಕುವುದು ಮೇಲು.

ಜೋಡಿಸುವಾಗ ನಟ್ ಮತ್ತು ಹೊರಗಿನ ಕೋನ್ ನಡುವಿನ ನಾಲಿಗೆಯ ವಾಷರ್ ಮರೆಯಬೇಡಿ. ಕೋನ್‌ನ ಜಾರಿಕೆ ನಟ್ಟಿಗೆ ತಲುಪದಂತೆ ತಡೆಯುವುದು ಅದೇ. ಚಕ್ರ ತಿರುಗಿಸುತ್ತಲೇ ನಟ್ ಬಿಗಿ ಮಾಡಿ, ರೋಲರುಗಳು ಕೂತ ಮೇಲೆ ಪೂರ್ತಿ ಸಡಿಲಿಸಿ, ಬೆರಳಿನಲ್ಲಿ ಮತ್ತೆ ಬಿಗಿದು, ನಟ್ ತಿರುಗದಂತೆ ತಡೆಯುವ ಸ್ಪ್ಲಿಟ್ ಪಿನ್ನಿನ ತೂತು ಸಿಗುವಷ್ಟು ಹಿಂದಕ್ಕೆ ತನ್ನಿ. ಡಯಲ್ ಗೇಜಿನಲ್ಲಿ 0.025ರಿಂದ 0.125 ಮಿ.ಮೀ. ಆಟ ಕಾಣಬೇಕು. ತೂತು ಕೂಡಿಸಲು ನಟ್ಟನ್ನು ಮುಂದಕ್ಕೆ ಬಿಗಿಯಬೇಡಿ.