ಹಳೇ ಕಂಪ್ಯೂಟರ್ ಸಿಕ್ಕಿದ ಕೂಡಲೇ ಪ್ಲಗ್ ಹಾಕಬೇಡಿ

ಹಳೇ ಕಂಪ್ಯೂಟರ್ ಕೈಗೆ ಬಂದರೆ ಜನ ಮಾಡುವ ಮೊದಲ ಕೆಲಸ ಪ್ಲಗ್ ಹಾಕಿ ಸ್ವಿಚ್ ಒತ್ತುವುದು. ದಯವಿಟ್ಟು ಒತ್ತಬೇಡಿ. ಇಂಥ ಮಷೀನ್‌ಗಳ ರಿಪೇರಿಯೇ ನನ್ನ ಕಸುಬು. ವರ್ಷಗಟ್ಟಲೆ ಇದೊಂದೇ ಮಾತು ಹೇಳಿಕೊಂಡು ಬಂದಿದ್ದೇನೆ. ಆದರೂ ಫೋನ್ ಬರುತ್ತಲೇ ಇರುತ್ತದೆ. "ಸಾರ್, ಅಟ್ಟದಿಂದ ಇಳಿಸಿದ್ವಿ, ಆನ್ ಮಾಡಿದ್ವಿ, ಚೆನ್ನಾಗೇ ಬಂತು. ಆಮೇಲೆ ಹೊಗೆ ಬಂತು."

ಮಾರುವವರಿಗೆ "ವರ್ಕಿಂಗ್ ಕಂಡೀಷನ್" ಅಂತ ಬರೆಯುವ ಆಸೆ. ಕೊಳ್ಳುವವರು ಕೇಳುವುದೂ ಅದನ್ನೇ: "ಆನ್ ಆಗುತ್ತಾ?" ನೀವು ಕೇಳಬೇಕಾದ ಪ್ರಶ್ನೆ ಅದಲ್ಲ. ಮುಚ್ಚಳ ತೆಗೆದು ಒಳಗಿನ ಫೋಟೋ ಕಳಿಸಿ ಅಂತ ಕೇಳಿ. ಮದರ್‌ಬೋರ್ಡಿನದು, ಬ್ಯಾಟರಿ ಇರುವ ಮೂಲೆಯದು ಬೇರೆ ಬೇರೆಯಾಗಿ. ಆನ್ ಆಗದ, ಆದರೆ ಬೋರ್ಡ್ ಶುಚಿಯಾಗಿರುವ ಮಷೀನ್ ನನಗೆ ಬೇಕು. ಆನ್ ಆಗುವ, ಬ್ಯಾಟರಿ ಸೋರಿದ ಮಷೀನ್‌ಗೆ ನಾನು ಅರ್ಧ ಬೆಲೆಯನ್ನೂ ಕೊಡುವುದಿಲ್ಲ.

ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. 286ರ ಕೊನೆಯ ಕಾಲದಿಂದ 486ರ ತನಕ (ಇವು ಆಗಿನ ಪ್ರೊಸೆಸರ್ ತಲೆಮಾರುಗಳ ಹೆಸರು) ಬಂದ ಬಹಳಷ್ಟು ಬೋರ್ಡ್‌ಗಳ ಮೇಲೆ ಪುಟ್ಟ ಪೀಪಾಯಿ ಆಕಾರದ ಬ್ಯಾಟರಿ ಇರುತ್ತದೆ. ನಿಕಲ್ ಕ್ಯಾಡ್ಮಿಯಂ, 3.6 ವೋಲ್ಟ್, ಮೇಲೆ ಹೆಚ್ಚಾಗಿ ವಾರ್ಟಾ ಅಂತ ಬರೆದಿರುತ್ತದೆ. ಗಡಿಯಾರ ಮತ್ತು ಸೆಟಪ್ ನೆನಪಿಟ್ಟುಕೊಳ್ಳಲು ಇಟ್ಟದ್ದು. ವಯಸ್ಸಾದ ಹಾಗೆ ಇದು ಸೋರುತ್ತದೆ. ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಅದು ಬೋರ್ಡಿನ ತಾಮ್ರದ ಗೆರೆಗಳ ಉದ್ದಕ್ಕೂ ಹರಿದು ಒಳಗಿಂದ ತಿನ್ನುತ್ತದೆ. ಕಣ್ಣಿಗೆ ಕಾಣುವುದು ಬರೀ ನೀಲಿ ಹಸಿರು ಪುಡಿ. ಭೂತಗನ್ನಡಿ ಹಿಡಿದು ನೋಡಿದರೆ ಹಸಿರು ಲೇಪನ ಕಪ್ಪಾಗಿ ಉಬ್ಬಿರುತ್ತದೆ. ಸೂಜಿ ತಾಗಿಸಿದರೆ ಸಿಪ್ಪೆ ಎದ್ದು ಬರುತ್ತದೆ, ಕೆಳಗೆ ತಾಮ್ರವೇ ಇರುವುದಿಲ್ಲ.

ಅಂಥ ಬೋರ್ಡಿಗೆ ಕರೆಂಟ್ ಕೊಟ್ಟರೆ ಏನಾಗುತ್ತದೆ? ತೇವ ಉಳಿದ ಜಾಗದಲ್ಲಿ ಸವೆತ ಇನ್ನೂ ಜೋರಾಗುತ್ತದೆ. ಪಕ್ಕಪಕ್ಕದ ಗೆರೆಗಳು ಶಾರ್ಟ್ ಆಗಿ ಚೆನ್ನಾಗಿದ್ದ ಚಿಪ್ಪೂ ಹೋಗಬಹುದು. ಎಷ್ಟೋ ಬೋರ್ಡ್‌ಗಳಲ್ಲಿ ಈ ಬ್ಯಾಟರಿ ಕೀಬೋರ್ಡ್ ಸಾಕೆಟ್ ಹತ್ತಿರವೇ ಇರುತ್ತದೆ. ಹಾಗಾಗಿ ಮೊದಲು ಬರುವ ದೂರು ಕೀಬೋರ್ಡ್ ಎರರ್. ಮೂರು ಕೀಬೋರ್ಡ್ ಬದಲಾಯಿಸಿ, ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳನ್ನೆಲ್ಲ ಸುತ್ತಿ, ಕೊನೆಗೆ ನನ್ನ ಹತ್ತಿರ ಬರುತ್ತಾರೆ. ತೊಂದರೆ ಕೀಬೋರ್ಡಿನಲ್ಲಿ ಇರಲೇ ಇಲ್ಲ.

ಸೋರಿದ್ದನ್ನು ಅಡುಗೆ ಸೋಡಾ ಹಾಕಿ ಉಜ್ಜುವವರೂ ಇದ್ದಾರೆ. ಸೋಡಾ ಆಸಿಡ್‌ಗೆ ಸರಿ. ಇದು ಕ್ಷಾರ, ಇದಕ್ಕೆ ಹುಳಿ ಬೇಕು. ವಿನೆಗರ್ ಸ್ವಲ್ಪ ಹಚ್ಚಿ, ಶುದ್ಧ ನೀರಲ್ಲಿ ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ ಒಣಗಿಸಿ. ಬ್ಯಾಟರಿ ಕತ್ತರಿಸಿ ತೆಗೆದ ಜಾಗಕ್ಕೆ ನಾಣ್ಯದಂಥ ಲಿಥಿಯಂ ಸೆಲ್ ನೇರವಾಗಿ ಹಾಕಬೇಡಿ. ಹಳೇ ಬೋರ್ಡ್ ಅದನ್ನು ಚಾರ್ಜ್ ಮಾಡಲು ಹೋಗುತ್ತದೆ, ಲಿಥಿಯಂ ಸೆಲ್ ಅದಕ್ಕಾಗಿ ಮಾಡಿದ್ದಲ್ಲ. ನಡುವೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಇರಲೇಬೇಕು.

ಇನ್ನು ಪವರ್ ಸಪ್ಲೈ. 1984ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಕ್ಲಾಸ್ ಅನ್ನುವ ಕಂಪ್ಯೂಟರ್ ಕಲಿಕೆಯ ಯೋಜನೆಯಲ್ಲಿ ನಮ್ಮ ಶಾಲೆಗಳಿಗೆ ಬಿಬಿಸಿ ಮೈಕ್ರೋ ಅನ್ನುವ ಬ್ರಿಟಿಷ್ ಕಂಪ್ಯೂಟರ್‌ಗಳು ಬಂದವಲ್ಲ, ಕೆಲವು ಇನ್ನೂ ಶಾಲೆಯ ಸ್ಟೋರ್ ರೂಮಿನಿಂದ ಹೊರಗೆ ಬರುತ್ತವೆ. ಅದರ ಪವರ್ ಸಪ್ಲೈ ಒಳಗೆ ಜೇನು ಬಣ್ಣದ ಪಾರದರ್ಶಕ ಕವಚದ ಕೆಪಾಸಿಟರ್ (ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಬಿಡಿಭಾಗ) ಇರುತ್ತದೆ. ರೀಫಾ ಅನ್ನುತ್ತೇವೆ. ಕವಚದ ಮೇಲೆ ಸಣ್ಣ ಬಿರುಕುಗಳು ಕಂಡರೆ ತೇವ ಒಳಗೆ ಹೋಗಿದೆ ಅಂತಲೇ ಅರ್ಥ. ಕರೆಂಟ್ ಕೊಟ್ಟರೆ ಸಿಡಿದು ಮನೆ ತುಂಬ ಹೊಗೆ. ಸಿಡಿಯುವ ಮೊದಲು ಅದು ಚೆನ್ನಾಗೇ ಕೆಲಸ ಮಾಡುತ್ತಿರುತ್ತದೆ. "ಚೆನ್ನಾಗೇ ಬಂತು ಸಾರ್" ಅನ್ನುವುದು ಇದಕ್ಕೇ.

ಅಮೆರಿಕದಿಂದ ಮಗನೋ ಭಾವನೋ ತಂದುಕೊಟ್ಟ ಮಷೀನ್ ಆದರೆ ಇನ್ನೊಂದು ಅಪಾಯ. ಅಲ್ಲಿ ಮಾರಿದ ಆಪಲ್‌ನ ಮೊದಲ ಮ್ಯಾಕಿಂಟೋಷ್, ಆಮೇಲಿನ ಮ್ಯಾಕ್ ಪ್ಲಸ್ ಎರಡೂ 105ರಿಂದ 125 ವೋಲ್ಟ್‌ಗೆ ಮಾತ್ರ ಮಾಡಿದವು. ನಮ್ಮ 230ಕ್ಕೆ ನೇರವಾಗಿ ಚುಚ್ಚಿದರೆ ಮುಗಿಯಿತು. ಪಿಸಿ ಆದರೆ ಹಿಂದೆ 115, 230 ಅಂತ ಬರೆದ ಸಣ್ಣ ಕೆಂಪು ಸ್ವಿಚ್ ಇದೆಯಾ ನೋಡಿ, ಯಾವ ಕಡೆ ಇದೆ ಅಂತಲೂ ನೋಡಿ.

ಸರಿ, ಮತ್ತೇನು ಮಾಡಬೇಕು? ಮುಚ್ಚಳ ತೆಗೆಯಿರಿ, ಎಲ್ಲ ಕೋನದಿಂದ ಫೋಟೋ ತೆಗೆಯಿರಿ, ಬ್ಯಾಟರಿ ತೆಗೆಯಿರಿ. ಪವರ್ ಸಪ್ಲೈಯನ್ನು ಬೋರ್ಡಿನಿಂದ ಬಿಡಿಸಿ, ಹಳೇ ಕೆಪಾಸಿಟರ್ ಬದಲಾಯಿಸಿ, ಲೋಡ್ ಕೊಟ್ಟು ಮೀಟರ್ ಹಿಡಿದು ನೋಡಿ. ಬೋರ್ಡಿಗೆ ಕರೆಂಟ್ ಕೊಡುವ, ಎಟಿ ಅನ್ನುವ ಹಳೇ ಮಾದರಿಯ ಎರಡು ಕನೆಕ್ಟರ್ ವಾಪಸ್ ಹಾಕುವಾಗ ಕಪ್ಪು ವೈರ್‌ಗಳು ಪಕ್ಕಪಕ್ಕ ಬರಬೇಕು. ಅದಲುಬದಲಾದರೆ ಬೋರ್ಡ್ ಸುಟ್ಟಂತೆಯೇ. ಕೈ ಕುದುರದವರು ಪವರ್ ಸಪ್ಲೈ ಬಿಚ್ಚಬೇಡಿ, ಗೊತ್ತಿದ್ದವರಿಗೆ ಕೊಡಿ. ಮಾನಿಟರ್ ಅಂತೂ ಮುಟ್ಟಲೇಬೇಡಿ. ಪಿಕ್ಚರ್ ಟ್ಯೂಬಿನಲ್ಲಿ ಪ್ಲಗ್ ತೆಗೆದ ಮೇಲೂ ಹೈ ವೋಲ್ಟೇಜ್ ಉಳಿದಿರಬಹುದು.

ಅಪ್‌ಗ್ರೇಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 386 ತೆಗೆದು 486 ಬೋರ್ಡ್ ಹಾಕಿಸಿದರೆ ಬೆಲೆ ಏರುತ್ತಾ ಅಂತ ಕೇಳುತ್ತಾರೆ. ಇಲ್ಲ, ಸಾಮಾನ್ಯವಾಗಿ ಇಳಿಯುತ್ತದೆ. ತೊಟ್ಟಿಮನೆಯ ಕೆಂಪು ಗಾರೆ ನೆಲದ ಮೇಲೆ ಟೈಲ್ಸ್ ಹಾಕಿಸಿದ ಹಾಗೆ ಅದು. ವಾಪಸ್ ತೆಗೆಯಲು ಬರುವಂಥದ್ದು ಮಾತ್ರ ಹಾಕಿ. ಹಾರ್ಡ್ ಡಿಸ್ಕ್ ಬದಲು ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್, ಫ್ಲಾಪಿ ಡ್ರೈವ್ ಬದಲು ಪೆನ್‌ಡ್ರೈವ್ ಹಾಕುವ ಗೋಟೆಕ್, ಇವೆಲ್ಲ ಒಳ್ಳೆಯವು. ಹಳೇ ಬಯೋಸ್ (ಮಷೀನನ್ನು ಶುರು ಮಾಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಂ) ಎಷ್ಟೋ ಕಡೆ 504 ಎಂಬಿ ಮೇಲೆ ಗುರುತಿಸುವುದಿಲ್ಲ, ಚಿಕ್ಕ ಕಾರ್ಡೇ ಸಾಕು. ತೆಗೆದ ಭಾಗವನ್ನು ಚೀಟಿ ಅಂಟಿಸಿ ಜೊತೆಯಲ್ಲೇ ಇಡಿ.

ಬೆಲೆಯ ಮಾತಿಗೆ ಬಂದರೆ, 2014ರಲ್ಲಿ ಆಪಲ್ ಕಂಪನಿಯ ಮೊದಲ ಕಂಪ್ಯೂಟರ್ ಆದ ಆಪಲ್ 1 ಒಂದು ಹರಾಜಿನಲ್ಲಿ 9,05,000 ಡಾಲರ್‌ಗೆ ಹೋಯಿತು. ಅಂಥ ಸುದ್ದಿ ಬಂದಾಗೆಲ್ಲ "ನಮ್ಮಲ್ಲೂ ಹಳೇ ಆಪಲ್ ಇದೆ" ಅಂತ ಫೋನ್ ಬರುತ್ತದೆ. ಆಪಲ್ 1 ತಯಾರಾದದ್ದೇ ಸುಮಾರು 200. ನಿಮ್ಮಲ್ಲಿರುವುದು ಮ್ಯಾಕ್ ಕ್ಲಾಸಿಕ್, ಅದನ್ನು ರಾಶಿ ರಾಶಿ ಮಾಡಿ ಮಾರಿದ್ದಾರೆ. ಮಾರಾಟಗಾರ ಹಾಕಿದ ಬೆಲೆ ನೋಡಬೇಡಿ, ನಿಜವಾಗಿ ಮಾರಾಟವಾದ ಬೆಲೆ ನೋಡಿ. ಕೀಬೋರ್ಡ್, ಮ್ಯಾನ್ಯುಯಲ್, ಬಿಲ್ ಜೊತೆಗಿದ್ದರೆ ಬೇರೆಯೇ ಲೆಕ್ಕ. ಪ್ರೊಸೆಸರ್ ಸಾಕೆಟ್‌ನಲ್ಲೇ ಇದೆಯಾ ಅಂತಲೂ ನೋಡಿ. ಸೆರಾಮಿಕ್ ಚಿಪ್ಪನ್ನು ಚಿನ್ನದ ಆಸೆಗೆ ಗುಜರಿಯವರು ಮೊದಲೇ ಕಿತ್ತಿರುತ್ತಾರೆ.

ನನಗೆ ನಿಜವಾಗಿ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಒಂದು ಪ್ರೆಸ್ಸಿನ ಯಜಮಾನರು 386 ತಂದರು. ಒಳಗೆ ಒಂದು ಸ್ಲಾಟ್ ಖಾಲಿ, ಅದರ ಸುತ್ತ ಧೂಳಿಲ್ಲ. ಇಲ್ಲೇನಿತ್ತು ಅಂದೆ. "ಯಾವುದೋ ಉದ್ದನೆಯ ಕಾರ್ಡ್ ಸಾರ್, ಸುಮ್ನೆ ಜಾಗ ತಿಂತಿತ್ತು, ತೆಗೆದೆ. ಅದಿದ್ರೆ ಕನ್ನಡ ಬರ್ತಿತ್ತು." ಅದು ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್. ವಿಂಡೋಸ್‌ಗಿಂತ ಹಿಂದಿನ ಡಾಸ್ ಕಾಲದಲ್ಲಿ ಪರದೆಯ ಮೇಲೆ ಭಾರತೀಯ ಲಿಪಿಗಳನ್ನು ಮೂಡಿಸಲು ಮಾಡಿದ ಹಾರ್ಡ್‌ವೇರ್. ಅಮೆರಿಕದ ಸಂಗ್ರಾಹಕರಿಗೆ ಅದು ಗೊತ್ತೇ ಇಲ್ಲ, ಹಾಗಾಗಿ ಹೊರಗಿನ ಬೆಲೆಪಟ್ಟಿಯಲ್ಲಿ ಸಿಗುವುದಿಲ್ಲ. ನಮಗೆ ಮಾತ್ರ ಅದು ಇಡೀ ಮಷೀನ್‌ಗಿಂತ ದೊಡ್ಡದು, ಅಲ್ವಾ? ಅವರು ತುಂಬ ಒಳ್ಳೆಯ ಮನುಷ್ಯ. ಗುಜರಿ ಅಂಗಡಿಗೆ ಹೋಗಿ ಹುಡುಕಿದರು, ಸಿಗಲಿಲ್ಲ.

ತಿಂಗಳಿಗೊಮ್ಮೆ ಆನ್ ಮಾಡುತ್ತಿರಬೇಕಾ ಅಂತ ತುಂಬ ಜನ ಕೇಳುತ್ತಾರೆ. ಬ್ಯಾಟರಿ ತೆಗೆದು ಕೆಪಾಸಿಟರ್ ಬದಲಾಯಿಸಿದ ಮೇಲೆ ಆಗಾಗ ಆನ್ ಮಾಡಿದರೆ ಒಳ್ಳೆಯದೇ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಮಳೆಗಾಲದಲ್ಲಿ ಒಂದು ದಿನ ಒಣ ಕೋಣೆಯಲ್ಲಿ ಇಟ್ಟು, ಆಮೇಲೆ ಸ್ವಿಚ್ ಒತ್ತಿ.