ಚಪ್ಪರ ತುಂಬ ಎಲೆ, ಗೊಂಚಲು ಮಾತ್ರ ಇಲ್ಲ: ದ್ರಾಕ್ಷಿ ಬಳ್ಳಿಗೆ ಏನಾಗಿದೆ?

ಪ್ರಶ್ನೆ: ನಮ್ಮ ಮನೆ ಹಾಸನದ ಹತ್ತಿರ. ಅಂಗಳದ ಚಪ್ಪರಕ್ಕೆ ಹಬ್ಬಿಸಿದ ಬೀಜದ ಕಪ್ಪು ದ್ರಾಕ್ಷಿಗೆ ನಾಲ್ಕು ವರ್ಷ ತುಂಬಿದೆ. ಗೊಬ್ಬರ, ನೀರು ಯಾವುದಕ್ಕೂ ಕೊರತೆ ಇಲ್ಲ, ಸೊಂಪಾಗಿದೆ. ಆದರೆ ಕಾಯಿ ಕಚ್ಚುತ್ತಿಲ್ಲ. ಏನು ಮಾಡಬೇಕು?

ಉತ್ತರ: ನೀವು ಹೇಳುವುದನ್ನು ನೋಡಿದರೆ ಬಳ್ಳಿಗೆ ರೋಗವೇನೂ ಇದ್ದಂತಿಲ್ಲ. ಅದಕ್ಕೆ ಕಾಲಕಾಲಕ್ಕೆ ಕತ್ತರಿ ಬಿದ್ದಿಲ್ಲ. ಶಿವರಾತ್ರಿ ಹೊತ್ತಿಗೆ ಕೈಗೆ ಸಿಗಬೇಕಾದ ಗೊಂಚಲು ಹಿಂದಿನ ಮೇ ತಿಂಗಳಲ್ಲೇ ಕಡ್ಡಿಯ ಕಣ್ಣಿನೊಳಗೆ (ಚಿಗುರು ಹೊರಡುವ ಜಾಗ) ತೀರ್ಮಾನವಾಗಿರುತ್ತದೆ. ಇದೊಂದು ತಿಳಿದರೆ ವರ್ಷದ ಉಳಿದ ಕೆಲಸವೆಲ್ಲ ತಾನಾಗಿ ಅರ್ಥವಾಗುತ್ತದೆ.

ದ್ರಾಕ್ಷಿ ಮೂಲತಃ ಚಳಿ ಸೀಮೆಯ ಬಳ್ಳಿ. ಅಲ್ಲಿ ಚಳಿಗಾಲಕ್ಕೆ ಎಲೆ ಉದುರಿಸಿ ಮಲಗುತ್ತದೆ, ವಸಂತದಲ್ಲಿ ಚಿಗುರುತ್ತದೆ, ಬೇಸಿಗೆ ಮುಗಿಯುವಾಗ ಹಣ್ಣು ಕೊಡುತ್ತದೆ. ಹಾಸನ ಸುಮಾರು 970 ಮೀಟರ್, ಚಿಕ್ಕಮಗಳೂರು ಸುಮಾರು 1,090 ಮೀಟರ್ ಎತ್ತರದಲ್ಲಿದ್ದರೂ ನಮ್ಮ ಚಳಿ ಬಳ್ಳಿಯನ್ನು ಮಲಗಿಸುವಷ್ಟು ಗಟ್ಟಿಯಲ್ಲ. ಹಾಗಾಗಿ ಅದು ವರ್ಷವಿಡೀ ತುದಿಯಲ್ಲೇ ಬೆಳೆಯುತ್ತ ಹೋಗುತ್ತದೆ. ತುದಿ ಬೆಳೆಯುತ್ತಿರುವಷ್ಟು ಕಾಲ ಹಿಂದಿನ ಕಣ್ಣುಗಳು ಒಡೆಯುವುದಿಲ್ಲ. ಕಾಫಿ ಮೊಗ್ಗು ಹೂಮಳೆಗೆ ಕಾಯುವ ಹಾಗೆ ಅವು ಕತ್ತರಿಗೆ ಕಾಯುತ್ತಿರುತ್ತವೆ. ಅದಕ್ಕೇ ನಮ್ಮಲ್ಲಿ ವರ್ಷಕ್ಕೆ ಎರಡು ಸಲ ಸವರಬೇಕು: ಯುಗಾದಿ ಆಸುಪಾಸಿನಲ್ಲಿ ಕಡ್ಡಿಗಾಗಿ ಒಮ್ಮೆ, ದಸರಾ ಕಳೆದ ಮೇಲೆ ಕಾಯಿಗಾಗಿ ಒಮ್ಮೆ.

ಮೊದಲನೆಯದಕ್ಕೆ ಧೈರ್ಯ ಬೇಕು. ಒಂದೊಂದು ಕಡ್ಡಿಯಲ್ಲೂ ಬುಡದ ಒಂದೆರಡು ಕಣ್ಣು ಬಿಟ್ಟು ಉಳಿದದ್ದನ್ನೆಲ್ಲ ತೆಗೆಯಬೇಕು. ಚಪ್ಪರದ ಮೇಲೆ ಕಾಂಡ, ಅದರ ಮುಖ್ಯ ತೋಳುಗಳು ಮತ್ತು ಮೋಟು ಕಡ್ಡಿಗಳಷ್ಟೇ ಉಳಿಯುತ್ತವೆ. ಮನೆಯವರಿಗೆ ಬಳ್ಳಿ ಸತ್ತೇ ಹೋಯಿತು ಅನ್ನಿಸುತ್ತದೆ. ಕತ್ತರಿಸಿದ ತುದಿಯಿಂದ ನೀರು ತೊಟ್ಟಿಕ್ಕಿದರೂ ಗಾಬರಿ ಬೇಡ, ಬೇರಿಗೆ ಜೀವವಿದೆ ಎಂದೇ ಅದರ ಅರ್ಥ. ಎರಡು ವಾರದೊಳಗೆ ಚಿಗುರು ಕಾಣುತ್ತದೆ. ಬಂದ ಚಿಗುರನ್ನೆಲ್ಲ ಉಳಿಸಿಕೊಳ್ಳುವ ಆಸೆ ಬಿಡಿ. ಚದರಡಿಗೆ ಒಂದರಂತೆ ಗಟ್ಟಿಯಾದದ್ದನ್ನು ಇಟ್ಟುಕೊಂಡು ಮಿಕ್ಕದ್ದನ್ನು ಎಳೆಯದಾಗಿದ್ದಾಗಲೇ ಚಿವುಟಿ ಹಾಕಿ.

ಹೀಗೆ ಸವರಿದ 40ನೇ ದಿನದಿಂದ ಸುಮಾರು 70ನೇ ದಿನದವರೆಗಿನ ಕಾಲ ಇಡೀ ವರ್ಷದಲ್ಲೇ ಮುಖ್ಯ. ಹೊರಗೆ ಏನೂ ಕಾಣುವುದಿಲ್ಲ. ಎಲೆಯ ಬುಡದಲ್ಲಿ ಕೂತ ಕಣ್ಣೊಳಗೆ ಸಾಸಿವೆಗಿಂತಲೂ ಚಿಕ್ಕದಾದ ಒಂದು ಗುಬುಟು ಮೂಡುತ್ತದೆ. ಅದು ಮುಂದೆ ಗೊಂಚಲೂ ಆಗಬಹುದು, ಆಸರೆಗೆ ಸುತ್ತಿಕೊಳ್ಳುವ ಬರೀ ನುಲಿಬಳ್ಳಿಯೂ ಆಗಬಹುದು. ಎರಡರ ಮೂಲವೂ ಒಂದೇ. ಚಪ್ಪರದಲ್ಲಿ ಹುಡುಕಿದರೆ ನುಲಿಬಳ್ಳಿಯ ಕವಲಿಗೆ ಎರಡು ಮೂರು ಕಾಯಿ ಅಂಟಿಕೊಂಡಿರುವುದು ಒಮ್ಮೊಮ್ಮೆ ಕಾಣಸಿಗುತ್ತದೆ. ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿದ ಗೊಂಚಲು ಅದು. ಆ ದಿನಗಳಲ್ಲಿ ಕಡ್ಡಿಗೆ ನೇರ ಬಿಸಿಲು ಬಿದ್ದು, ಬೆಳವಣಿಗೆ ಹದದಲ್ಲಿದ್ದರೆ ಗೊಂಚಲು. ನೆರಳು, ಮೋಡ, ಜಾಸ್ತಿ ನೀರು, ಜಾಸ್ತಿ ಯೂರಿಯಾ ಸೇರಿದರೆ ನುಲಿಬಳ್ಳಿ.

ನಿಮ್ಮ ಬಳ್ಳಿ ಸೋತಿರುವುದು ಇಲ್ಲೇ. ಗೊಬ್ಬರ, ನೀರು ಧಾರಾಳವಾಗಿ ಸಿಕ್ಕಿ ಎಲೆ ಎಲೆಯ ಮೇಲೆ ಕೂತಿದೆ, ಕೆಳಗಿನ ಕಣ್ಣುಗಳು ಬಿಸಿಲನ್ನೇ ಕಂಡಿಲ್ಲ. ಯುಗಾದಿಯ ಹೊತ್ತಿಗೆ ಬುಡಕ್ಕೆ 20 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ, ಆಮೇಲೆ ಸಾರಜನಕದ ಗೊಬ್ಬರ ನಿಲ್ಲಿಸಿ. 40 ದಿನ ಕಳೆದ ಮೇಲೆ ಎಲೆ ಬಾಡದಷ್ಟು ಮಾತ್ರ ನೀರು ಕೊಡಿ. ಪೊಟ್ಯಾಷ್ ಕೊಡುವುದಾದರೆ ಸಲ್ಫೇಟ್ ರೂಪದ್ದನ್ನೇ ತನ್ನಿ. ಮ್ಯೂರಿಯೇಟ್ ರೂಪದ ಪೊಟ್ಯಾಷ್‌ನಲ್ಲಿರುವ ಕ್ಲೋರೈಡ್ ದ್ರಾಕ್ಷಿಗೆ ಒಗ್ಗುವುದಿಲ್ಲ, ಎಲೆಯ ಅಂಚು ಸುಡುತ್ತದೆ.

ಊರು ಯಾವುದು ಎನ್ನುವುದು ಇಲ್ಲಿ ಬಹಳ ಮುಖ್ಯ. ಅರಸೀಕೆರೆ, ಕಡೂರು, ಬೀರೂರು, ಚನ್ನರಾಯಪಟ್ಟಣದ ಬಯಲು ಸೀಮೆಯಲ್ಲಿ ಏಪ್ರಿಲ್ ಮಧ್ಯದವರೆಗೂ ಸವರಬಹುದು, ಜೂನ್‌ನಲ್ಲೂ ಸಾಕಷ್ಟು ಬಿಸಿಲು ಸಿಗುತ್ತದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಜೂನ್ ಮೊದಲ ವಾರದಿಂದಲೇ ಮೋಡ ಕವಿಯುವುದರಿಂದ ಮಾರ್ಚ್ ಮೂರನೇ ವಾರದೊಳಗೆ ಕೆಲಸ ಮುಗಿಸಲೇಬೇಕು. ಆಗ ಮಾತ್ರ ಆ 70 ದಿನ ಮಳೆಗೆ ಮುಂಚೆ ತುಂಬುತ್ತವೆ. ಹೀಗಿದ್ದರೂ ಅಪ್ಪಟ ಮಲೆನಾಡಿನಲ್ಲಿ ಬೀಜರಹಿತ ತಳಿಗಳಿಗೆ ಕೈ ಹಾಕಬೇಡಿ. ಬೆಂಗಳೂರು ನೀಲಿ ಎಂಬ ಬೀಜದ ಕಪ್ಪು ತಳಿ (ನಿಮ್ಮದೂ ಬಹುಶಃ ಅದೇ) ಒಂದಿಷ್ಟು ತಡೆದುಕೊಳ್ಳುತ್ತದೆ. ಎಲೆ, ಕಾಯಿಗೆ ಕಪ್ಪು ಚುಕ್ಕೆ ಬೀಳಿಸುವ ಚಿಬ್ಬು ರೋಗಕ್ಕೆ ಅದು ಜಗ್ಗುವುದಿಲ್ಲ, ಆದರೆ ಬೂಜು ತುಪ್ಪಟ ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ.

ಮಳೆಗಾಲದ ಕೆಲಸ ಒಂದೇ, ಎಲೆ ಉಳಿಸಿಕೊಳ್ಳುವುದು. ಎಲೆ ಉದುರಿದರೆ ಕಡ್ಡಿಗೆ ಶಕ್ತಿ ತುಂಬುವುದಿಲ್ಲ. ಎಲೆಯ ಮೇಲೆ ಎಣ್ಣೆ ಬಿದ್ದಂಥ ಹಳದಿ ಮಚ್ಚೆ, ತಿರುಗಿಸಿದರೆ ಬಿಳಿ ತುಪ್ಪಟ ಕಂಡರೆ ಬೂಜು ತುಪ್ಪಟ ಬಂದಿದೆ. ಅಡಿಕೆ, ಮೆಣಸಿಗೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣವನ್ನೇ ಬಲಿತ ಎಲೆಯ ಎರಡೂ ಬದಿಗೆ ಬೀಳುವಂತೆ ಸಿಂಪಡಿಸಿ. ಮನೆಯ ಬಳ್ಳಿಗೆ 10 ಲೀಟರ್ ಸಾಕು: 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಬೇರೆ ಬೇರೆ ಕರಗಿಸಿ ಸೇರಿಸಬೇಕು. ಕಬ್ಬಿಣದ ಚಾಕು ಅದ್ದಿದಾಗ ಕೆಂಪಗಾದರೆ ಇನ್ನಷ್ಟು ಸುಣ್ಣದ ತಿಳಿ ಬೇಕು. ಎಳೆ ಚಿಗುರಿಗೆ ಇದರ ಅರ್ಧ ಪ್ರಮಾಣ ಸಾಕು. ಹೂವಿನ ಸಮಯದಲ್ಲಿ ಮಾತ್ರ ಬೇಡ.

ಎರಡನೇ ಸವರುವಿಕೆ ಅಕ್ಟೋಬರ್‌ನಲ್ಲಿ. ಪೆನ್ಸಿಲ್ ದಪ್ಪದ, ಕಂದು ಬಣ್ಣಕ್ಕೆ ತಿರುಗಿದ, ಗುಂಡಗಿನ ಕಡ್ಡಿಗಳನ್ನು ಆರಿಸಿ. ಇನ್ನೂ ಹಸಿರಾಗಿರುವುದು, ಚಪ್ಪಟೆಯಾಗಿರುವುದು ಕೆಲಸಕ್ಕೆ ಬಾರದು. ಬೆಂಗಳೂರು ನೀಲಿಯಲ್ಲಿ ಬುಡದ ಹತ್ತಿರದ ಕಣ್ಣುಗಳೂ ಫಲ ಕೊಡುವುದರಿಂದ 3–4 ಕಣ್ಣು ಬಿಟ್ಟರೆ ಸಾಕು. ಥಾಮ್ಸನ್‌ನಂಥ ಬೀಜರಹಿತ ತಳಿಯಲ್ಲಿ ಫಲದ ಕಣ್ಣು ದೂರದಲ್ಲಿರುತ್ತದೆ, ಅದನ್ನು ಇಷ್ಟು ಗಿಡ್ಡ ಕತ್ತರಿಸಿದರೆ ಮತ್ತೆ ಎಲೆಯೇ ಗತಿ. ಉಳಿದ ಹಳೆಯ ಎಲೆಗಳನ್ನು ಕೈಯಿಂದ ತೆಗೆದು, ದಪ್ಪ ಗಾಯಗಳಿಗೆ ಬೋರ್ಡೋ ಪೇಸ್ಟ್ ಹಚ್ಚಿ. ತೋಟಗಳಲ್ಲಿ ಕಣ್ಣು ಒಟ್ಟಿಗೆ ಒಡೆಯಲೆಂದು ಹಚ್ಚುವ ಹೈಡ್ರೋಜನ್ ಸಯನಮೈಡ್ ವಿಷಕಾರಿ, ಮನೆಯಂಗಳಕ್ಕೆ ಅದು ಬೇಡವೇ ಬೇಡ.

ಎರಡು ವಾರದ ಒಳಹೊರಗೆ ಕಣ್ಣು ಒಡೆಯುತ್ತದೆ. ಚಿಗುರು ನಾಲ್ಕೈದು ಎಲೆ ಬಿಡುವಾಗ ಎಲೆಯ ಎದುರಿಗೆ ಪುಟ್ಟ ಹಸಿರು ಗೊಂಚಲು ಕಾಣಬೇಕು. ಅಲ್ಲಿ ಕಾಣದಿದ್ದರೆ ಆ ಚಿಗುರಲ್ಲಿ ಆಮೇಲೆ ಬರುವುದಿಲ್ಲ. ಒಂದು ಕಣ್ಣಲ್ಲಿ ಮೂರು ಮೊಗ್ಗು ಅಡಗಿರುತ್ತವೆ. ನಡುವಿನದು ಹುಳ ತಿಂದು ಹೋದರೆ ಪಕ್ಕದ್ದು ಚಿಗುರುತ್ತದೆ, ಆದರೆ ಅದರಲ್ಲಿ ಫಲ ಕಡಿಮೆ. ಸ್ವಾತಿ, ವಿಶಾಖ ಮಳೆ ಹಿಡಿದುಕೊಳ್ಳುವುದು ಸರಿಯಾಗಿ ಈ ಹೊತ್ತಿಗೇ, ಬೂಜು ತುಪ್ಪಟ ಎಳೆ ಗೊಂಚಲನ್ನೇ ಕರಕಲು ಮಾಡುತ್ತದೆ. ಮೋಡ ಕಂಡ ದಿನವೇ ಅರ್ಧ ಪ್ರಮಾಣದ ಬೋರ್ಡೋ ಹೊಡೆಯಿರಿ, ಮಚ್ಚೆ ಬರಲಿ ಎಂದು ಕಾಯಬೇಡಿ. ಸುಮಾರು 40 ದಿನಕ್ಕೆ ಹೂವು. ಗೊಂಚಲಿನ ಮೇಲೆ 10–12 ಎಲೆ ಬಿಟ್ಟು ತುದಿ ಚಿವುಟಿ. ಡಿಸೆಂಬರ್‌ನಿಂದ ಎಲೆಯ ಮೇಲೆ ಬೂದಿ ಉದುರಿಸಿದಂತೆ ಕಂಡರೆ ನೀರಲ್ಲಿ ಕರಗುವ ಗಂಧಕ, ಲೀಟರಿಗೆ 2 ಗ್ರಾಂ.

ಬೆಂಗಳೂರು ನೀಲಿ ಬಣ್ಣ ಕಟ್ಟಿದ ಕೂಡಲೇ ಹಣ್ಣಾಗಿಲ್ಲ. ಸಕ್ಕರೆ ತುಂಬಲು ಇನ್ನೂ ಎರಡು ಮೂರು ವಾರ ಬೇಕು. ಗೊಂಚಲಿನ ಕಟ್ಟ ಕಡೆಯ ತುದಿಯ ಕಾಯಿ ಕಡೆಗೆ ಹಣ್ಣಾಗುವುದು, ಅದನ್ನೇ ತಿಂದು ನೋಡಿ, ಸಿಹಿಯಾಗಿದ್ದರೆ ಕೊಯ್ಯಬಹುದು. ಕೊಯ್ದ ಮೇಲೆ ದ್ರಾಕ್ಷಿ ಮಾವಿನಂತೆ ಹಣ್ಣಾಗುವುದಿಲ್ಲ. ಕೊಯ್ಲಾದ ಮೇಲೆ ಮೂರು ನಾಲ್ಕು ವಾರ ಬಳ್ಳಿಯನ್ನು ಅದರ ಪಾಡಿಗೆ ಬಿಟ್ಟು, ಮತ್ತೆ ಯುಗಾದಿಯ ಕತ್ತರಿ.

ನಾಲ್ಕು ವರ್ಷ ಮುಟ್ಟದ ಬಳ್ಳಿಯಾದ್ದರಿಂದ ಈ ಯುಗಾದಿಗೆ ಸಿಕೇಟರ್ (ಸವರುವ ಕತ್ತರಿ) ಜೊತೆ ಸಣ್ಣ ಗರಗಸವೂ ಬೇಕಾಗುತ್ತದೆ. ಚಪ್ಪರದ ಮೇಲೆ ಎದುರುಬದುರು ಸಾಗುವ ಎರಡು ಅಥವಾ ನಾಲ್ಕು ತೋಳು ಉಳಿಸಿ, ಹೆಣೆದುಕೊಂಡ ಹಳೆಯ ಕಟ್ಟಿಗೆಯನ್ನು ತೆಗೆಯಿರಿ. ಹೀಗೆ ಸವರಿದ ಮೇಲೆ ಬಂದ ಚಿಗುರಲ್ಲೇ ಗೊಂಚಲು ಕಂಡರೆ ಚಿವುಟಿ ಹಾಕಿ: ಅದು ಮಾಗುವುದು ಜುಲೈ–ಆಗಸ್ಟ್ ಮಳೆಯಲ್ಲಿ, ಒಡೆದು ಕೊಳೆಯುವುದೇ ಹೆಚ್ಚು.