ಕ್ಯಾಟಲಾಗಿನಲ್ಲಿ ಅಗ್ಗ, ಹರಾಜಿನಲ್ಲಿ ದುಬಾರಿ

ಹಳೆಯ ಅಂಚೆಚೀಟಿಗಳಿಗೆ ಬೆಲೆ ಕಟ್ಟುವುದು ಬಳ್ಳಾರಿಯಲ್ಲಿ ನನ್ನ ಕಸುಬು. ಆಲ್ಬಮ್ ಹಿಡಿದು ಬರುವವರಲ್ಲಿ ಅನೇಕರು ಮೊಬೈಲಿನಲ್ಲಿ ಯಾವುದೋ ಹರಾಜಿನ ಸುದ್ದಿಯನ್ನೂ ತೆರೆದುಕೊಂಡೇ ಬರುತ್ತಾರೆ. ‘ಸರ್, ಇದು ನಮ್ಮ ತಾತನ ಹತ್ತಿರವೂ ಇತ್ತು, ನೋಡಿ.’ ಚಿತ್ರ ಅದೇ, ಬಣ್ಣ ಅದೇ, ಮುಖಬೆಲೆಯೂ ಅದೇ. ಆದರೆ ಹರಾಜಿನಲ್ಲಿ ಹಣ ಸುರಿಯುವವರು ಚಿತ್ರಕ್ಕಾಗಿ ಸುರಿಯುವುದಿಲ್ಲ.

ಬ್ರಿಟನ್ನಿನ ಪೆನ್ನಿ ರೆಡ್ ತೆಗೆದುಕೊಳ್ಳಿ. ವಿಕ್ಟೋರಿಯಾ ರಾಣಿಯ ಮುಖವಿರುವ ಈ ಕೆಂಪು ಚೀಟಿ ಕೋಟಿಗಟ್ಟಲೆ ಅಚ್ಚಾಗಿದೆ. ಬಳಸಿದ ಮಾಮೂಲಿ ಪ್ರತಿಗೆ ಹೇಳಿಕೊಳ್ಳುವಂಥ ಬೆಲೆಯಿಲ್ಲ. ಆದರೆ 1864ರಿಂದ ಬಂದ ವಿನ್ಯಾಸದಲ್ಲಿ ಎಡಬಲದ ಅಂಚಿನ ಚಿತ್ತಾರದೊಳಗೆ ಅಚ್ಚಿನ ಪ್ಲೇಟ್ ಸಂಖ್ಯೆ ಅಡಗಿದೆ. ಭೂತಗನ್ನಡಿ ಹಿಡಿದರೆ 76 ಎಂದೋ 78 ಎಂದೋ ಕಾಣುತ್ತದೆ. 77 ಕಂಡರೆ ಮಾತ್ರ ಕುರ್ಚಿಯಿಂದ ಎದ್ದು ನಿಲ್ಲಬೇಕು. ಚೀಟಿ ಹರಿದುಕೊಳ್ಳಲು ಹೊಡೆಯುವ ರಂಧ್ರಗಳ ಸಾಲು ಹೊಂದಿಕೆಯಾಗದೆ ಆ ಪ್ಲೇಟನ್ನು ಕೈಬಿಟ್ಟರು. ಹೇಗೋ ಹೊರಬಿದ್ದ ಬೆರಳೆಣಿಕೆಯ ಚೀಟಿಗಳಿಗೆ ಇಂದು ಲಕ್ಷಾಂತರ ಪೌಂಡ್. 177ರ ಮೊದಲ ಅಂಕಿಯನ್ನು ಕೆರೆದು 77 ಮಾಡಿ ತರುವ ಚಾಲಾಕಿಗಳೂ ಇದ್ದಾರೆ, ಅದು ಬೇರೆ ಮಾತು.

ಹೆಚ್ಚಿನವರು ಚೀಟಿಯನ್ನು ತಿರುವಿ ನೋಡುವುದೇ ಇಲ್ಲ. ನಾನು ಮೊದಲು ನೋಡುವುದೇ ಗೋಂದು ಹಚ್ಚಿರುವ ಬೆನ್ನನ್ನು. 1948ರ ಆಗಸ್ಟ್ 15ರಂದು ಗಾಂಧೀಜಿಯವರ ನಾಲ್ಕು ಚೀಟಿಗಳು ಬಂದವು: ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡು ಆಣೆ ಮತ್ತು ಹತ್ತು ರೂಪಾಯಿ. ಆ ಕಾಲದಲ್ಲಿ ಒಂದು ಚೀಟಿಗೆ ಹತ್ತು ರೂಪಾಯಿ ಕೊಡುವವರು ಎಷ್ಟು ಮಂದಿ? ಕೊಂಡವರೂ ಹಿಂಜ್ ಎಂಬ ಗೋಂದಿನ ಕಾಗದದ ತುಂಡು ಹಚ್ಚಿ ಆಲ್ಬಮ್ಮಿಗೆ ಅಂಟಿಸಿದರು. ಉಳಿದವುಗಳಲ್ಲಿ ಕೆಲವನ್ನು ಮಳೆಗಾಲದ ತೇವ ಹಾಳುಗೆಡವಿತು, ಕೆಲವುಗಳ ಗೋಂದು ನಮ್ಮ ಬೇಸಿಗೆಗೆ ಬಿರುಕುಬಿಟ್ಟು ಕಂದಾಯಿತು. ಹಿಂಜಿನ ಕಲೆಯೂ ಇಲ್ಲದೆ, ಅಂಚೆ ಕಚೇರಿಯಿಂದ ಈಗಷ್ಟೇ ತಂದಂತಿರುವ ಬೆನ್ನಿಗೆ ಕಲೆಬಿದ್ದ ಬೆನ್ನಿನ ಹಲವು ಪಟ್ಟು ಬೆಲೆ ಬರುವುದು ಅದಕ್ಕೇ.

ಬಳಸಿದ ಚೀಟಿಯಲ್ಲಿ ಮುದ್ರೆಯೇ ಮಾತನಾಡುತ್ತದೆ. ರಾಯಚೂರು, ಕೊಪ್ಪಳ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1869ರಿಂದಲೇ ಆ ಸಂಸ್ಥಾನಕ್ಕೆ ತನ್ನದೇ ಚೀಟಿಗಳಿದ್ದವು. ಅವು ಸಂಸ್ಥಾನದೊಳಗೆ ಮಾತ್ರ ನಡೆಯುತ್ತಿದ್ದವು. ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿಗೆ ಕಾಗದ ಹಾಕಬೇಕಾದರೆ ಬ್ರಿಟಿಷ್ ಭಾರತದ ಚೀಟಿಯೇ ಬೇಕು. ಬಿಡಿ ನಿಜಾಮ ಚೀಟಿಗಳು ಬೇಕಾದಷ್ಟಿವೆ. ಅದೇ ಚೀಟಿ ಲಕೋಟೆಯ ಮೇಲೇ ಕುಳಿತು, ಸಣ್ಣ ಊರೊಂದರ ಹೆಸರು ಮುದ್ರೆಯಲ್ಲಿ ಸ್ಪಷ್ಟವಾಗಿ ಓದಲು ಸಿಕ್ಕರೆ ಕಥೆಯೇ ಬದಲಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ತುರ್ಕಿಯ ಯುದ್ಧಕೈದಿಗಳನ್ನು ಬಳ್ಳಾರಿಯಲ್ಲಿಯೂ ಇರಿಸಿದ್ದರು. ಇಲ್ಲಿಂದ ಅವರು ಬರೆದ ಕಾಗದಗಳನ್ನು ಹುಡುಕುವವರು ಇಂದಿಗೂ ಇದ್ದಾರೆ. ಇಂಥ ಲಕೋಟೆಯನ್ನು ನೀರಿನಲ್ಲಿ ನೆನೆಸಿ ಚೀಟಿ ಬಿಡಿಸಿ ತರುವವರನ್ನು ಕಂಡಾಗ ನನಗೆ ಸಿಟ್ಟೇ ಬರುತ್ತದೆ.

ಇಷ್ಟೆಲ್ಲ ಇದ್ದರೂ ಬೆಲೆ ಏರಬೇಕಾದರೆ ಇಬ್ಬರು ಬೇಕು. ಗೆದ್ದವರು ಎಷ್ಟರವರೆಗೆ ಹೋಗಲು ಸಿದ್ಧರಿದ್ದರು ಎಂಬುದು ಹೊರಗೆ ಬರುವುದಿಲ್ಲ. ಸೋತವರು ಕೈಬಿಟ್ಟ ಬೆಲೆಗಿಂತ ಒಂದು ಕೂಗು ಮೇಲೆ ಸುತ್ತಿಗೆ ಬೀಳುತ್ತದೆ. ಕ್ಯಾಟಲಾಗಿನಲ್ಲಿ, ಅಂದರೆ ಚೀಟಿಗಳ ಬೆಲೆಪಟ್ಟಿಯಲ್ಲಿ, ಐದು ಸಾವಿರ ಎಂದಿರುವ ಚೀಟಿಗಾಗಿ ತಮ್ಮ ಸಂಗ್ರಹದ ಖಾಲಿ ಜಾಗ ತುಂಬಲು ಹಟ ಹಿಡಿದ ಇಬ್ಬರು ಎದುರಾದರೆ ಅದು ಐವತ್ತು ಸಾವಿರಕ್ಕೂ ಹೋದೀತು. ಕೆಲವೊಮ್ಮೆ ಹರಾಜಿನವರ ಕಣ್ಣು ತಪ್ಪಿಸಿಕೊಂಡ, ಕಾಗದದೊಳಗಿನ ತಲೆಕೆಳಗಾದ ವಾಟರ್‌ಮಾರ್ಕನ್ನು ಇಬ್ಬರು ಬಲ್ಲವರು ಗುರುತಿಸಿ, ಇಬ್ಬರೂ ಬಾಯಿ ಬಿಡದೆ ಕೂಗುತ್ತಿರುತ್ತಾರೆ. ಜೊತೆಗೆ, ಪ್ರಕಟವಾಗುವ ಮೊತ್ತದಲ್ಲಿ ಕೊಂಡವರು ಹರಾಜು ಸಂಸ್ಥೆಗೆ ಕೊಡುವ ಕಮಿಷನ್ ಸೇರಿರುವುದೂ ಉಂಟು. ಮಾರಿದವರ ಕೈಗೆ ಅದು ಬರುವುದಿಲ್ಲ.

ಅಂಥ ಹರಾಜಿನ ಸುದ್ದಿ ಓದಿ ನಿಮ್ಮ ಪ್ರತಿಯನ್ನು ಮುಂದಿನ ಹರಾಜಿಗೆ ಕಳುಹಿಸಿದಿರಿ ಎನ್ನಿ. ಹಿಂದಿನ ಸಲ ಗೆದ್ದವರಿಗೆ ಅದು ಈಗ ಬೇಡ. ಕೂಗಲು ಉಳಿದವರು ಅಂದು ಸೋತವರು ಮಾತ್ರ. ಎದುರಾಳಿಯಿಲ್ಲದ ಅವರು ಆರಂಭದ ಬೆಲೆಗೇ ಎತ್ತಿಕೊಂಡು ಹೋಗುತ್ತಾರೆ.